ಗಡಿಗೆಕಲ್ಲು

ಶವಸಂಸ್ಕಾರದ ಮಾರನೆಯ ಬೆಳಿಗ್ಗೆ ಕಿರ್ಸ್ಟಿ ಎದ್ದವಳೇ, ಶಾಲೆಗೆ ಹೊರಡುವ ಮುಂಚೆ ಮಾಡುತ್ತಿದ್ದ ಹಾಗೆ, ಗಂಡ ಲಾಕಿಯ ಊಟದ ಡಬ್ಬಿಗೆಂದು ಬ್ರೆಡ್ಡು ಕೊಯ್ದಳು. ನಾಲ್ಕು ಹೋಳು. ಬೆಣ್ಣೆ ಸವರಿ, ಕಾಕಂಬಿ ಹೊಯ್ದು, ಎರಡೆರಡನ್ನು ಜೋಡಿಸುವಾಗ ಗಣಿಯ ಸಿಳ್ಳು ಕೂಗಿತು. ಡಬ್ಬಿಗಾಗಿ ಮೊಳೆಯತ್ತ ಕೈ ಚಾಚಿದಳು. ಮೊಳೆ ಖಾಲಿಯಿತ್ತು. ಜಜ್ಜಿಹೋದ ಡಬ್ಬಿ, ಅವನ ಬೂಟು, ಬೆಲ್ಟು ಎಲ್ಲವೂ ಗಣಿಯವರು ಕಳಿಸಿದ ಗೋಣಿಚೀಲದಲ್ಲಿ ಬಾಗಿಲ ಹಿಂದೆ ಇದ್ದವು. ಅವಳು ನಿಂತುಕೊಂಡೇ ಎರಡು ಹೋಳು ತಿಂದಳು. ಉಳಿದೆರಡರ ಮೇಲೆ ತಟ್ಟೆ ಮುಚ್ಚಿದಳು. ಅಳು ಬಂದೀತೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

ಮೂರು ದಿನ ಮನೆ ತುಂಬ ಜನ. ಮುಂಗೋಣೆಯಲ್ಲಿ ಶವಪೆಟ್ಟಿಗೆ, ಮೆಟ್ಟಿಲ ಮೇಲೆ ಜಪಸರ ಎಣಿಸುವ ಹೆಂಗಸರು, ಹಿತ್ತಿಲ ಬಾಗಿಲಲ್ಲಿ ಕೋಟಿನೊಳಗೆ ಬಾಟಲಿ ಮುಚ್ಚಿಟ್ಟುಕೊಂಡ ಗಂಡಸರು. ಈಗ ಉಳಿದದ್ದು ಅವರ ಪಾತ್ರೆಗಳು. ಪ್ರತಿಯೊಂದರ ತಳದಲ್ಲೂ ಅಂಟುಪಟ್ಟಿಯ ಮೇಲೆ ಹೆಸರು ಬರೆದಿತ್ತು. ಒಂದೇ ಹೆಸರಿನವರು ಹತ್ತು ಹತ್ತು ಜನ ಇರುವ ಊರು ಅದು. ಆದ್ದರಿಂದ ಬರೀ ಹೆಸರು ಸಾಲುತ್ತಿರಲಿಲ್ಲ. 'ಎರಡನೇ ಸಾಲಿನ ಪೆಗಿ', 'ಬೋಳು ಸ್ಯಾಂಡಿಯ ಹೆಂಡತಿ', 'ಬ್ಯಾಗ್‌ಪೈಪ್ ಜಾನಿಯ ಅಕ್ಕ'. ಕಿರ್ಸ್ಟಿ ಒಂದೊಂದನ್ನೇ ತೊಳೆದು ಸಾಲಾಗಿ ಕವುಚಿದಳು.

ಕಿಟಕಿಯಾಚೆ ಬಂದರು ಸದ್ದಿಲ್ಲದೆ ಬಿದ್ದಿತ್ತು. ಏಪ್ರಿಲ್ ಬಂದಿದ್ದರೂ ಕೊಲ್ಲಿಯ ಕಡೆಯಿಂದ ತೇಲಿಬಂದ ಮಂಜುಗಡ್ಡೆ ಬಂದರಿನ ಬಾಯಿಗೆ ಬಿರಡೆ ಹಾಕಿ ಕೂತಿತ್ತು. ನ್ಯೂಫೌಂಡ್‌ಲ್ಯಾಂಡಿಗೆ ಹೊರಟ ಹಡಗು ಐದು ದಿನದಿಂದ ಒಂದೇ ಜಾಗದಲ್ಲಿ ಹೊಗೆ ಬಿಡುತ್ತ ನಿಂತಿತ್ತು.

ಅತ್ತೆ ಕ್ಯಾಸಿ ಬಾಗಿಲು ತಟ್ಟದೆ ಒಳಗೆ ಬಂದಳು. ಬಂದವಳೇ ಒಲೆಯ ಮುಚ್ಚಳ ಎತ್ತಿದಳು.

"ಬೆಂಕಿ ಹಾಕಿದ್ಯಾ?"

"ಹಾಕಿದೀನಿ ಅತ್ತೆ."

"ಇದಾ ಬೆಂಕಿ? ಬೆಕ್ಕು ಮಲಗೋಕೆ ಚೆನ್ನಾಗಿದೆ. ಯೂನಿವರ್ಸಿಟೀಲಿ ಒಲೆ ಹಚ್ಚೋದು ಬಿಟ್ಟು ಎಲ್ಲಾ ಹೇಳಿಕೊಟ್ರು ನಿಂಗೆ."

ಕ್ಯಾಸಿ ಕಲ್ಲಿದ್ದಲು ಸುರಿದು, ಕೈ ಒರೆಸಿಕೊಂಡು, ಕಿಟಕಿಯ ಅಂಚಿನಲ್ಲಿದ್ದ ತಂಬಾಕಿನ ಡಬ್ಬಿಯನ್ನೂ ಅದರ ಪಕ್ಕ ಹತ್ತಿಯ ಮೇಲಿಟ್ಟ ಕಲ್ಲಿನ ಚೂರನ್ನೂ ನೋಡಿದಳು. ಚೂರಿನಲ್ಲಿ ಉಗುರಿನಷ್ಟುದ್ದದ ಒಂದು ದವಡೆ ಇತ್ತು. ಸೂಜಿಯಂಥ ಹಲ್ಲುಗಳು, ನಡುವೆ ಒಂದು ಮಾತ್ರ ಉದ್ದ.

"ಈ ಹಲ್ಲಿ ಇನ್ನೂ ಇಲ್ಲೇ ಇದೆಯಾ?"

"ಹಲ್ಲಿ ಹೌದೋ ಅಲ್ವೋ ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ! ನೀನು ಗೊತ್ತಿಲ್ಲ ಅಂದಿದ್ದಕ್ಕೇ ಅವನು ಹೋಗಿದ್ದು."

ಕ್ಯಾಸಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕೇಪ್ ಬ್ರೆಟನ್ ದ್ವೀಪದ ಆ ಗಣಿ ಕಡಲ ಕೆಳಗೆ ಮೂರು ಮೈಲಿ ಹೋಗಿತ್ತು. ಕೆಳಗೆ ಕಲ್ಲಿದ್ದಲು ಅಗೆದ ಓಣಿಗಳ ಸೂರಿನಲ್ಲಿ ಒಮ್ಮೊಮ್ಮೆ ದುಂಡನೆಯ ಕಪ್ಪು ಉಂಗುರ ಕಾಣುತ್ತದೆ. ಗಣಿಯವರು ಅದಕ್ಕೆ ಗಡಿಗೆ ಅನ್ನುತ್ತಾರೆ. ನಿಜವಾಗಿ ಅದು ಮರದ ಬುಡ. ಮೂವತ್ತು ಕೋಟಿ ವರ್ಷದ ಹಿಂದೆ ಜೌಗಿನಲ್ಲಿ ನಿಂತಿದ್ದ ಮರವನ್ನು ಹೂಳು ಮುಚ್ಚಿ, ತಿರುಳು ಕೊಳೆತು, ಟೊಳ್ಳಿನಲ್ಲಿ ಮಣ್ಣು ತುಂಬಿ ಕಲ್ಲಾದದ್ದು. ಸುತ್ತಲಿನ ತೊಗಟೆ ಮಾತ್ರ ಬೆರಳುದಪ್ಪ ಕಲ್ಲಿದ್ದಲಾಗಿ ಉಳಿದಿರುತ್ತದೆ. ಕೆಳಗಿನದನ್ನು ಅಗೆದು ತೆಗೆದ ಮೇಲೆ ಆ ಬುಡವನ್ನು ಮೇಲೆ ಹಿಡಿದಿಡುವುದು ಆ ತೊಗಟೆಯೊಂದೇ. ಉಳಿದ ಸೂರು ಬೀಳುವ ಮುಂಚೆ ಮಾತಾಡುತ್ತದೆ. ಸಲಾಕೆಯಲ್ಲಿ ತಟ್ಟಿದರೆ ಡೊಳ್ಳಿನ ಸದ್ದು ಬರುತ್ತದೆ, ಕಂಬ ಕಿರುಗುಡುತ್ತದೆ, ಪುಡಿ ಉದುರುತ್ತದೆ. ಗಡಿಗೆ ಮಾತಾಡುವುದಿಲ್ಲ. ತಟ್ಟಿದರೆ ಗಂಟೆಯ ಹಾಗೆ ಗಟ್ಟಿ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಬೀಳುತ್ತದೆ. ಅದಕ್ಕೇ ಗಡಿಗೆ ಕಂಡ ಕೂಡಲೇ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕೆಳಗೆ ಕಂಬ ಕೊಡುವುದು.

ಐದನೇ ಓಣಿಯ ಅಂಥದೊಂದು ಗಡಿಗೆಯ ತಳದಿಂದ ಉದುರಿದ ಚೂರನ್ನು ಲಾಕಿ ಮಾರ್ಚಿನಲ್ಲಿ ಜೇಬಿನಲ್ಲಿಟ್ಟು ತಂದಿದ್ದ. ಕಿರ್ಸ್ಟಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಚೂರನ್ನು ನೀರಲ್ಲಿ ತೊಳೆದು, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದ್ದಳು. ಹದಿನೆಂಟು ವರ್ಷದ ಕೆಳಗೆ ಪಕ್ಕದೂರು ಫ್ಲಾರೆನ್ಸ್‌ನಲ್ಲಿ, ನೆಲದ ಮೇಲಿನ ಗಣಿಯಲ್ಲಿ, ಇಂಥ ಬುಡಗಳೊಳಗೆ ಒಂದು ಪ್ರಾಣಿಯ ಎಲುಬು ಸಿಕ್ಕಿತ್ತು. ಎರಡು ವರ್ಷದ ಕೆಳಗಷ್ಟೇ ಅದಕ್ಕೆ ಹೆಸರಿಟ್ಟಿದ್ದರು. ಆರ್ಕಿಯೊಥೈರಿಸ್.

"ಬಾ ಇಲ್ಲಿ," ಎಂದು ಅವಳು ಲಾಕಿಯ ಬೆರಳನ್ನು ಅವನದೇ ಕಣ್ಣಿನ ಪಕ್ಕ, ಕಿವಿಯ ಮುಂದೆ ಒತ್ತಿ ಹಿಡಿದಿದ್ದಳು. "ಈಗ ಅಗಿ."

"ಏನನ್ನ?"

"ಏನಿಲ್ಲದಿದ್ರೂ ಅಗಿ."

ಅಗಿದ. ಬೆರಳಡಿಯಲ್ಲಿ ಮಾಂಸ ಉಬ್ಬಿ ಇಳಿಯಿತು.

"ಈ ಮಾಂಸಕ್ಕೆ ಜಾಗ ಮಾಡೋಕೆ ಕಣ್ಣಿನ ಹಿಂದೆ ಎಲುಬಲ್ಲಿ ಒಂದು ಕಿಟಕಿ ತೆಗೀತು. ಒಂದೇ ಕಿಟಕಿ. ಅದನ್ನ ಮೊದಮೊದಲು ತೆಗೆದೋರಲ್ಲಿ ಈ ಪ್ರಾಣೀನೂ ಒಂದು. ನಿನ್ನ ಮೊಣಕೈಯಿಂದ ಬೆರಳ ತುದಿ ತನಕದ ಉದ್ದ. ನೋಡೋಕೆ ಹಲ್ಲಿ. ಆದ್ರೆ ವಂಶ ನೋಡಿದ್ರೆ ನಮ್ಮ ಕಡೇದು."

"ನಮ್ಮ ಅಮ್ಮನ ಕಡೇದೋ, ಅಪ್ಪನ ಕಡೇದೋ?"

"ಇಬ್ಬರ ಕಡೇದೂ. ಬೆಕ್ಕಿನ ಕಡೇದೂ."

ಆ ಊರಿನಲ್ಲಿ ಹೊಸಬರು ಯಾರೇ ಕಂಡರೂ ಮೊದಲು ಕೇಳುವುದು ಒಂದೇ ಮಾತು. ಲಾಕಿ ಚೂರನ್ನು ಮುಖದ ಹತ್ತಿರ ಹಿಡಿದು ಅದನ್ನೇ ಕೇಳಿದ: "ಯಾರ ಮಗನೋ ನೀನು?" ಆರ್ಕಿಯೊಥೈರಿಸ್ ಎನ್ನಲು ಅವನ ನಾಲಿಗೆ ಹೊರಳಲಿಲ್ಲ. ಆರ್ಚಿ ಎಂದ. ಊರಲ್ಲಿ ಆಗಲೇ ಹದಿನಾಲ್ಕು ಆರ್ಚಿಗಳಿದ್ದರು. ಇವನು ಗಡಿಗೆ-ಆರ್ಚಿಯಾದ.

ಆದರೆ ಅದೇ ಮರದ ಟೊಳ್ಳುಗಳಲ್ಲಿ ಬೇರೆ ಸಣ್ಣ ಹಲ್ಲಿಗಳೂ ಸಿಗುತ್ತವೆ. ಒಂದು ತುಂಡು ದವಡೆ ನೋಡಿ ಇದು ಯಾರದ್ದೆಂದು ಗಟ್ಟಿಯಾಗಿ ಹೇಳಲಾಗುವುದಿಲ್ಲ. ಕಿರ್ಸ್ಟಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವಳ ಹಾಗೆ ಹೇಳಿದಳು: "ತಲೆಬುರುಡೆ ಸಿಗೋ ತನಕ ಏನೂ ಹೇಳೋಕಾಗಲ್ಲ."

ಆ ಮಾತನ್ನೇ ಹಿಡಿದುಕೊಂಡು ಅವನು ಹೋದದ್ದು.

ಐದನೇ ಓಣಿಯ ಕಲ್ಲಿದ್ದಲು ಮುಗಿದಿತ್ತು. ಒಳಗಿನ ಕಂಬಿ, ಕಂಬಗಳನ್ನು ಬಿಚ್ಚಿ ತಂದು ಓಣಿಯ ಬಾಯಿಗೆ ಗೋಡೆ ಕಟ್ಟುವುದೆಂದು ಗೊತ್ತಾಗಿತ್ತು. ಬಿಚ್ಚುವ ಕೆಲಸ ಬೆಳಗಿನ ಪಾಳಿಯದು, ಅದರಲ್ಲಿ ರೋರಿ ಇದ್ದ. ಲಾಕಿಯದು ಮೂರು ಗಂಟೆಯ ಪಾಳಿ. ರೋರಿ ಗೋಡೆಯಾಚೆಯ ಮನೆಯವನು. ಗಣಿಯವರು ಕಟ್ಟಿಸಿದ ಜೋಡಿಮನೆ ಅದು, ನಡುವೆ ಒಂದೇ ಹಲಗೆಗೋಡೆ. ಅಲ್ಲಿ ಚಮಚ ಬಿದ್ದರೆ ಇಲ್ಲಿ ಕೇಳುತ್ತಿತ್ತು. ಕಳೆದ ಗುರುವಾರ ರೋರಿಗೆ ಹಲ್ಲುನೋವು. ಹಲ್ಲು ಕೀಳಿಸಲು ಅವನು ಬಸ್ಸು ಹತ್ತಿ ಹತ್ತಿರದ ಸಿಡ್ನಿ ಪೇಟೆಗೆ ಹೋದ. ಹೋಗುವ ಮುಂಚೆ ಲಾಕಿ ಕೇಳಿದ್ದಕ್ಕೆ ಗಣಿಯ ದೀಪದ ಕೋಣೆಯ ಹಲಗೆಯಿಂದ ತನ್ನ ಬಿಲ್ಲೆಯನ್ನು ತಂದು ಕೊಟ್ಟ. ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ನಾನೂರ ಹದಿನೇಳು ಎಂಬ ಅಂಕಿ. ಆ ಬಿಲ್ಲೆ ತೋರಿಸದೆ ದೀಪದ ಕೋಣೆಯಲ್ಲಿ ದೀಪ ಕೊಡುವುದಿಲ್ಲ, ದೀಪವಿಲ್ಲದೆ ಕೆಳಗೆ ಬಿಡುವುದಿಲ್ಲ. ಹಲಗೆಯ ಮೇಲೆ ಯಾವ ಅಂಕಿಯ ಮೊಳೆ ಖಾಲಿಯಿದೆಯೋ ಆ ಮನುಷ್ಯ ಕೆಳಗಿದ್ದಾನೆಂದು ಅರ್ಥ. ಬಿಲ್ಲೆ ಇನ್ನೊಬ್ಬನಿಗೆ ಕೊಟ್ಟವನಿಗೆ ಕೆಲಸವಿಲ್ಲ. ಆದರೂ ಕೊಡುತ್ತಾರೆ. ರೋರಿಯ ಪಾಳಿ ತಪ್ಪಬಾರದು, ಲಾಕಿಗೆ ಗಡಿಗೆ ತಪ್ಪಬಾರದು. ರೋರಿ ಹೆಂಡತಿಗೂ ಹೇಳದೆ, ಪಾಳಿಗೆಂದೇ ಮನೆಯಿಂದ ಹೊರಟಿದ್ದ. ಕಿರ್ಸ್ಟಿಗೆ ಲಾಕಿ ಹೇಳಿದ್ದೇ ಬೇರೆ: ಅಮ್ಮನ ಮನೆಯ ಹೊಗೆಕೊಳವೆ ಸರಿಮಾಡಿ, ಅಲ್ಲಿಂದಲೇ ಮೂರರ ಪಾಳಿಗೆ ಹೋಗುತ್ತೇನೆ. ಮದುವೆಯಾಗಿ ಮೂರು ವರ್ಷದಲ್ಲಿ ಅವನು ಹೇಳಿದ್ದರಲ್ಲಿ ಅವಳಿಗೆ ಗೊತ್ತಾದ ಸುಳ್ಳು ಅದೊಂದೇ.

ಮಧ್ಯಾಹ್ನ ಒಂದು ಗಂಟೆಗೆ ಕೆಳಗಿನಿಂದ ಫೋನು ಬಂತು. ಐದನೇ ಓಣಿಯಲ್ಲಿ ಗಡಿಗೆ ಬಿದ್ದಿದೆ, ಕೆಳಗೊಬ್ಬನಿದ್ದಾನೆ. "ಯಾರು?" ಎಂದು ಮೇಲಿದ್ದ ಗುಮಾಸ್ತ ಕೇಳಿದ. ಫೋನು ಹಿಡಿದವನು ಬಿಲ್ಲೆಯ ವಿಷಯ ಹೇಳಲೋ ಬೇಡವೋ ಎಂದು ತಡವರಿಸಿ, "ರೋರಿ ಜಾಗದವನು" ಎಂದ. ರೋರಿಯ ಜಾಗದಲ್ಲಿ ರೋರಿಯಲ್ಲದೆ ಮತ್ತ್ಯಾರು? ಗುಮಾಸ್ತ ಹಲಗೆ ನೋಡಿದ. ನಾನೂರ ಹದಿನೇಳರ ಮೊಳೆ ಖಾಲಿ. ಪಾದ್ರಿಯನ್ನು ರೋರಿಯ ಮನೆಗೆ ಕಳಿಸಿದ.

ಅಂದು ಹಿಮ ಬಿದ್ದು ಶಾಲೆಗೆ ರಜೆ. ಗೋಡೆಯಾಚೆ ರೋರಿಯ ಹೆಂಡತಿ ಎಫಿ ಚೀರಿದ್ದು ಕೇಳಿ ಕಿರ್ಸ್ಟಿ ಕೋಟೂ ಹಾಕದೆ ಸುತ್ತುಬಳಸಿ ಓಡಿದಳು. ಎಫಿ ನೆಲದ ಮೇಲೆ ಬಿದ್ದಿದ್ದಳು. ಕಿರ್ಸ್ಟಿ ಅವಳ ತಲೆಯನ್ನು ಎದೆಗೊತ್ತಿ ಹಿಡಿದು ನಲವತ್ತು ನಿಮಿಷ ಕೂತಳು. "ನಾನಿದೀನಿ ಕಣೇ, ನಾನಿದೀನಿ." ಮನಸ್ಸಿನ ಒಂದು ಮೂಲೆಯಲ್ಲಿ, ಲಾಕಿಯ ಪಾಳಿ ಮೂರಕ್ಕಲ್ಲವೇ ಎಂಬ ಸಮಾಧಾನ ಬೆಚ್ಚಗೆ ಕೂತಿತ್ತು. ಅದನ್ನು ಅವಳು ಮರೆತಿಲ್ಲ.

ಆಗ ಬಾಗಿಲು ತೆರೆದು ರೋರಿ ಬಂದ. ಕೆನ್ನೆ ಊದಿತ್ತು, ಬಾಯಿ ತುಂಬ ಹತ್ತಿ. ಎಫಿ ಅವನನ್ನು ನೋಡಿ ನಕ್ಕಳು. ತಡೆಯಲಾಗದ, ದೊಡ್ಡ, ಹುಚ್ಚು ನಗು. ರೋರಿ ಪಾದ್ರಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಕಿರ್ಸ್ಟಿಯನ್ನು ನೋಡಿದ. ನೆತ್ತರಾದ ಹತ್ತಿಯನ್ನು ಬಾಯಿಂದ ತೆಗೆದು, "ಲಾಕಿ," ಎಂದ.

ಯಾರು ಯಾರನ್ನು ಹಿಡಿದುಕೊಂಡಿದ್ದರೋ ಅದು ಅಲ್ಲಿಗೆ ತಿರುಗಿಹೋಯಿತು.

ಆಮೇಲೆ ರೋರಿಯ ಕೆಲಸ ಉಳಿಸಲು ಗಣಿಯ ಕೆಲಸಗಾರರೆಲ್ಲ ಒಂದೇ ಬಾಯಾದರು. ಲಾಕಿ ತನ್ನ ಬಿಲ್ಲೆಯಲ್ಲೇ ಹೆಚ್ಚಿನ ಪಾಳಿಗೆ ಹೋಗಿದ್ದ ಎಂದು ಕಾಗದದಲ್ಲಿ ಬರೆದರು. ಅವನ ಬಿಲ್ಲೆಯನ್ನು ದೀಪದ ಕೋಣೆಯ ನೀಲ್ ಮೊಳೆಯಿಂದ ತೆಗೆದು ತಾನೇ ಪೆಟ್ಟಿಗೆಯೊಳಗೆ ಇಟ್ಟ. ಸತ್ತವನ ಬಿಲ್ಲೆ ಅವನ ಜೊತೆ ಹೋಗಬೇಕು. ನಾನೂರ ಹದಿನೇಳು ಮಾತ್ರ ಗೋಣಿಚೀಲದಲ್ಲಿ, ಲಾಕಿಯ ತಂಬಾಕಿನ ಡಬ್ಬಿಯಲ್ಲಿ, ಕಿರ್ಸ್ಟಿಯ ಮನೆಗೆ ಬಂದಿತ್ತು. ಅವನು ಕೊನೆಯದಾಗಿ ಮುಟ್ಟಿ ಮುಚ್ಚಿಟ್ಟದ್ದು.

ಅತ್ತೆ ಹೋದ ಮೇಲೆ, ಅದೇ ಮಂಗಳವಾರ, ರೋರಿ ಹಿತ್ತಿಲ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿತ್ತು.

"ಒಳಗೆ ಬಾ."

"ಬೇಡ, ಬೂಟು ಒದ್ದೆ."

"ನೆಲಾನೂ ಒದ್ದೆ. ಬಾ."

ಬಂದ, ಕೂರಲಿಲ್ಲ. "ಬೆನ್ನುನೋವು ಅಂತ ಹೇಳಿ ಮನೇಲಿ ಕೂತಿದೀನಿ ಕಿರ್ಸ್ಟಿ. ಈ ವಾರ ಹೆಂಗೋ ನೋಡ್ಕೊತೀನಿ ಅಂದ ಇಲ್ಲ-ನೀಲ್. ಅವನ ಬಾಯಲ್ಲಿ ಹೂಂ ಅಂತ ಬಂದಿದ್ದು ಊರಿಗೇ ಮೊದಲು."

ಏನು ಕೇಳಿದರೂ ಮೊದಲು ಇಲ್ಲ ಅನ್ನುವವನಾದ್ದರಿಂದ ನೀಲ್‌ಗೆ ಆ ಹೆಸರು.

"ಸೋಮವಾರ ಇನ್‌ಸ್ಪೆಕ್ಟರ್ ಬಂದು ಮೊಳೆ ಮೊಳೆನೂ ಎಣಿಸ್ತಾನೆ. ಅಷ್ಟರಲ್ಲಿ ನನ್ನ ಬಿಲ್ಲೆ ಅಲ್ಲಿರಬೇಕು. ಇಲ್ದಿದ್ರೆ ನನ್ನ ಕೆಲಸ ಹೋಯ್ತು, ನೀಲ್‌ದೂ ಹೋಯ್ತು. ನಿನ್ನ ಹತ್ರ ಇದೆ ಅಲ್ವಾ?"

"ಇದೆ."

"ಅದಲ್ಲ ನಾನು ಹೇಳೋಕೆ ಬಂದಿದ್ದು." ಅವನು ಕಿಟಕಿಯ ಕಡೆ ನೋಡಿದ. "ಶುಕ್ರವಾರ ಮಧ್ಯಾಹ್ನ ಓಣಿಗೆ ಗೋಡೆ ಎದ್ದುಬಿಡುತ್ತೆ. ಗುರುವಾರ ಬೆಳಗಿನ ಪಾಳಿಯೇ ಕೊನೆ, ಆಮೇಲೆ ಒಳಗೆ ಯಾರನ್ನೂ ಬಿಡಲ್ಲ. ಆ ಕಲ್ಲು ಅಲ್ಲೇ ಬಿದ್ದಿದೆ. ಮೂರು ಹೋಳಾಗಿದೆಯಂತೆ. ಒಂದರಲ್ಲಿ ಬೆಳ್ಳಗೆ ಏನೋ ಕಂಡಿತು ಅಂದ್ರು."

"ಕೆಳಗೆ ದೀಪದ ಬೆಳಕಲ್ಲಿ ಎಲ್ಲಾನೂ ಬೆಳ್ಳಗೇ ಕಾಣುತ್ತೆ."

"ಇರಬಹುದು. ಆದ್ರೆ ಅದಕ್ಕೇ ತಾನೇ ಅವನು ಹೋಗಿದ್ದು? ನನ್ನ ಬಿಲ್ಲೆ ಹಾಕ್ಕೊಂಡು ಹೋಗಿ, ನನ್ನ ಜಾಗದಲ್ಲಿ..." ಅವನು ಟೋಪಿಯನ್ನು ಹಿಂಡಿದ. "ನನಗೆ ಬಿಲ್ಲೆ ಕೊಡು. ಗುರುವಾರ ಇಳಿದು ಅದನ್ನ ತಂದುಕೊಡ್ತೀನಿ. ನಿನ್ನ ಮೇಜಿನ ಮೇಲೆ ಇಡ್ತೀನಿ."

"ಸೂರು ಹೇಗಿದೆ ಅಲ್ಲಿ?"

"ಸೂರು ಸೂರಿದ್ದಂಗಿದೆ."

"ಕಂಬ?"

"ತೆಗೆದಾಯ್ತು. ಐದು ನಿಮಿಷದ ಕೆಲಸ ಕಿರ್ಸ್ಟಿ."

ಅವಳಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಐದು ದಿನದಲ್ಲಿ ಮೊದಲ ಸಲ ಮೈಯಲ್ಲಿ ಬಿಸಿ ಹರಿದಂತಾಯಿತು. ಆ ಕಲ್ಲನ್ನು ಒಡೆದರೆ ಒಂದು ತಲೆಬುರುಡೆ ಸಿಗುತ್ತದೆ, ಅಥವಾ ಸಿಗುವುದಿಲ್ಲ. ಸಿಕ್ಕರೆ ಲಾಕಿ ಏನನ್ನೋ ಹುಡುಕಲು ಹೋದವನು. ಸಿಗದಿದ್ದರೆ ಬರೀ ಮಣ್ಣು ತುಂಬಿದ ಗಡಿಗೆಯ ಕೆಳಗೆ, ಅವಳ ಒಂದು ಮಾತು ಕೇಳಿಕೊಂಡು ಹೋಗಿ, ಸತ್ತವನು. ಇಷ್ಟು ಗೊತ್ತಾದರೆ ಸಾಕು, ಆಮೇಲೆ ಎಲ್ಲಿಗಾದರೂ ಎದ್ದು ಹೋಗಬಹುದು ಅನ್ನಿಸಿತು.

"ಯೋಚನೆ ಮಾಡಿ ಹೇಳ್ತೀನಿ," ಎಂದಳು.

ಬುಧವಾರ ಗೋಡೆ ಸದ್ದು ಮಾಡಿತು. ಚಮಚದಲ್ಲಿ ಎರಡು ಸಲ. ಮೊದಲೆಲ್ಲ ಚಹಾ ಆಯಿತು ಎನ್ನಲು ಎಫಿ ಹಾಗೆ ಬಡಿಯುತ್ತಿದ್ದಳು. ಗುರುವಾರದಿಂದ ಬಡಿದಿರಲಿಲ್ಲ. ಕಿರ್ಸ್ಟಿ ಉತ್ತರಕ್ಕೆ ಬಡಿಯಲಿಲ್ಲ. ಎಫಿಯೇ ಬಂದಳು, ಬಾಗಿಲಲ್ಲಿ ನಿಂತಳು.

"ಅವನು ಮಾರ್ಕೆಟ್ಟಿಗೆ ಹೋಗಿದಾನೆ. ಬೇಗ ಹೇಳಿ ಹೋಗ್ತೀನಿ. ಕೊಡಬೇಡ ಕಣೇ."

"ಸೋಮವಾರ ಎಣಿಸ್ತಾರಂತೆ."

"ಎಣಿಸಲಿ! ಕೆಲಸ ಹೋದ್ರೆ ಹೋಗ್ಲಿ. ನಮ್ಮಣ್ಣ ಒಂಟಾರಿಯೋದಲ್ಲಿ ಕಾರಿನ ಫ್ಯಾಕ್ಟ್ರೀಲಿದಾನೆ, ಹೋಗಿಬಿಡ್ತೀವಿ. ಇವನಿಗೆ ಹುಚ್ಚು ಹಿಡಿದಿದೆ. ಕನಸಲ್ಲೆಲ್ಲ ಕಲ್ಲು, ಕಲ್ಲು. ನಿಂಗೆ ತಂದುಕೊಟ್ರೆ ಸರಿಹೋಗುತ್ತೆ ಅಂತಾನೆ. ಕಿರ್ಸ್ಟಿ, ನಾನು ನಲವತ್ತು ನಿಮಿಷ ವಿಧವೆಯಾಗಿದ್ದೆ. ನನಗೆ ಗೊತ್ತು ಅದು ಹೆಂಗಿರುತ್ತೆ."

"ನಲವತ್ತೊಂದನೇ ನಿಮಿಷ ಗೊತ್ತಿಲ್ಲ ನಿಂಗೆ."

ಹೇಳಿದ ಮೇಲೆ ಕಿರ್ಸ್ಟಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಎಫಿ ಅಳಲು ಶುರುಮಾಡಿದಳು. ಅವಳಿಗೆ ಅದು ಸುಲಭವಾಗಿ ಬರುತ್ತಿತ್ತು.

"ನಕ್ಕುಬಿಟ್ಟೆ ಕಣೇ. ನಿನ್ನ ಕುತ್ತಿಗೆ ಹಿಡ್ಕೊಂಡೇ ನಕ್ಕುಬಿಟ್ಟೆ."

"ನಾನಾಗಿದ್ರೂ ನಗ್ತಿದ್ದೆ."

"ಕೊಡಲ್ಲ ಅಂತ ಹೇಳು."

ಕಿರ್ಸ್ಟಿ ಕವುಚಿಟ್ಟ ಪಾತ್ರೆಗಳಲ್ಲಿ ಎಫಿಯದನ್ನು ಹುಡುಕಿ ಅವಳ ಕೈಗಿತ್ತಳು. ಎಫಿ ಪಾತ್ರೆಯನ್ನು ಮಗುವಿನಂತೆ ತಬ್ಬಿಕೊಂಡು ಹೋದಳು.

ಸಂಜೆ ಕ್ಯಾಸಿ ಬಂದಳು. ಊರಿನ ಮಾತು ಊರಿಗಿಂತ ಮೊದಲು ಅವಳ ಕಿವಿಗೆ ಬೀಳುತ್ತಿತ್ತು.

"ಆ ಹುಡುಗನ ಬಿಲ್ಲೆ ಇಟ್ಕೊಂಡು ಕೂತಿದೀಯಂತೆ. ಗಂಡನ ಕೈಲಿದ್ದದ್ದು ಅಂತ ನಿಂಗೆ. ಅವನಿಗೆ ಅದು ಅನ್ನ. ಮೂವತ್ತು ವರ್ಷದ ಕೆಳಗೆ ಲಾಕಿ ಅಪ್ಪ ಹೋದಾಗ ಅವನು ಎರವಲು ತಂದಿದ್ದ ಗರಗಸಾನ ಮಣ್ಣಾದ ದಿನಾನೇ ಕೊಟ್ಟು ಬಂದೆ ನಾನು. ಹೋದೋರ ಹೆಸರಲ್ಲಿ ಇನ್ನೊಬ್ಬರ ಸಾಮಾನು ಇರಬಾರದು."

"ಕೊಟ್ರೆ ಅವನು ಕಲ್ಲು ತರೋಕೆ ಹೋಗ್ತಾನೆ ಅತ್ತೆ."

"ತರಲಿ. ತಂದ ದಿನ ಸುತ್ತಿಗೆ ತಗೊಂಡು ಬರ್ತೀನಿ. ಪುಡಿ ಮಾಡಿ ಒಲೆ ಬೂದಿ ಜೊತೆ ಚೆಲ್ತೀನಿ." ಕ್ಯಾಸಿ ಚಹಾ ಕುಡಿದಳು. ಲೋಟದೊಳಗೆ ನೋಡುತ್ತ ಹೇಳಿದಳು: "ಒಳಗೇನಿತ್ತು ಅಂತ ನೀನು ನೋಡಿದ ಮೇಲೆ."

ಗುರುವಾರ ಬೆಳಿಗ್ಗೆ ಐದೂವರೆಗೆ ಕಿರ್ಸ್ಟಿ ಕೋಟು ಹಾಕಿಕೊಂಡಳು. ಬಿಲ್ಲೆ ಅಂಗೈಯಲ್ಲಿ. ಕೊಟ್ಟುಬಿಡುವುದೆಂದು ಗಟ್ಟಿಮಾಡಿದ್ದಳು. ರೋರಿ ಮೂವತ್ತೆರಡು ವರ್ಷದ ಗಂಡಸು, ಸೂರು ನೋಡಿ ಬೆಳೆದವನು. ಐದು ನಿಮಿಷದ ಕೆಲಸ. ಕೇಳಿದವನು ಅವನು, ಅವಳಲ್ಲ. ಹೀಗೆ ಒಂದೊಂದೇ ಕಾರಣ ಹೇಳಿಕೊಳ್ಳುತ್ತ, ಹೆಪ್ಪುಗಟ್ಟಿದ ಹಿಮದ ಮೇಲೆ ಕಾಲಿಡುತ್ತ, ಮನೆಯ ಸುತ್ತು ಬಂದು ಅವರ ಅಡುಗೆಮನೆಯ ಬಾಗಿಲಿಗೆ ತಲುಪಿದಳು.

ಪಕ್ಕದ ಕಿಟಕಿಗೆ ಪರದೆ ಎಳೆದಿರಲಿಲ್ಲ. ರೋರಿ ಗಣಿಯ ಬಟ್ಟೆ ತೊಟ್ಟು ಬೂಟಿನ ದಾರ ಕಟ್ಟುತ್ತಿದ್ದ. ಬಿಲ್ಲೆ ಬಂದೇ ಬರುತ್ತದೆಂದು ಅವನಿಗೆ ನಂಬಿಕೆ. ಎಫಿ ಮೇಜಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಬೇಡ ಬೇಡ ಎಂದವಳೇ ಬ್ರೆಡ್ಡು ಕೊಯ್ಯುತ್ತಿದ್ದಳು. ನಾಲ್ಕು ಹೋಳು. ಬೆಣ್ಣೆ ಸವರಿದಳು. ಕಾಕಂಬಿ ಹೊಯ್ದು, ಎರಡೆರಡನ್ನು ಜೋಡಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಡಬ್ಬಿಗಿಟ್ಟಳು.

ಕಿರ್ಸ್ಟಿ ತಟ್ಟಲೆಂದು ಎತ್ತಿದ ಕೈ ಅಲ್ಲೇ ನಿಂತಿತು. ತನ್ನ ಮನೆಯಲ್ಲಿ ತಟ್ಟೆಯಡಿ ಒಣಗಿ ಬಿರುಸಾದ ಎರಡು ಹೋಳು ಇನ್ನೂ ಇದ್ದವು. ಎಸೆದಿರಲಿಲ್ಲ.

ಬಂದ ಹೆಜ್ಜೆಯ ಗುರುತಿನಲ್ಲೇ ಕಾಲಿಟ್ಟು ಹಿಂದಿರುಗಿದಳು. ಒಳಗೆ ಬಂದು ಅಗುಳಿ ಹಾಕಿದಳು. ಆ ಊರಲ್ಲಿ ಹಗಲಲ್ಲಿ ಯಾರೂ ಅಗುಳಿ ಹಾಕುವುದಿಲ್ಲ. ಅವಳ ಕೈ ಅದು ಎಲ್ಲಿದೆಯೆಂದೇ ತಿಳಿಯದೆ ತಡವರಿಸಿತ್ತು.

ಆರು ಗಂಟೆಗೆ ಹತ್ತು ನಿಮಿಷವಿದ್ದಾಗ ಬಾಗಿಲು ತಟ್ಟಿದ ಸದ್ದು. ಆಮೇಲೆ ಬಾಗಿಲ ಹಿಡಿ ಅಲುಗಿದ ಸದ್ದು.

"ಕಿರ್ಸ್ಟಿ?"

ಅವಳು ಮೇಜಿನ ಹತ್ತಿರ ಕೋಟಿನಲ್ಲೇ ಕೂತಿದ್ದಳು.

"ಕಿರ್ಸ್ಟಿ, ಟೈಮಾಯ್ತು. ಕಿಟಕಿ ಕೆಳಗೆ ಹೆಜ್ಜೆ ನೋಡ್ದೆ. ಬಂದು ಯಾಕೆ ವಾಪಸ್ ಹೋದೆ?" ಬಾಗಿಲು ಮತ್ತೆ ಅಲುಗಿತು. "ಎಫಿ ಏನಾದ್ರೂ ಹೇಳಿದ್ಲಾ? ಅವಳ ಮಾತು ಕಟ್ಕೊಂಡು... ನಿಂಗೇ ತರೋಕೆ ಹೋಗ್ತಿರೋದು ಕಣಮ್ಮ ನಾನು! ನಿಂಗೇ!"

ಅವನು ತನ್ನ ಮನೆಗೆ ಹೋದ ಸದ್ದು. ಸ್ವಲ್ಪ ಹೊತ್ತಿಗೆ ಹಲಗೆಗೋಡೆಯನ್ನು ಮುಷ್ಟಿಯಿಂದ ಗುದ್ದತೊಡಗಿದ. ಕಪಾಟಿನಲ್ಲಿ ಲೋಟಗಳು ಕುಣಿದವು.

"ಒಳಗಿದೀಯ ಅಂತ ಗೊತ್ತು! ನನ್ನ ಬಿಲ್ಲೆ ಅದು! ನಂದು!" ಇನ್ನೊಂದು ಗುದ್ದು. "ನಾನು ಮನೇಲಿ ಕೂತು ಸಾಯ್ಬೇಕಾ?"

ಸಿಳ್ಳು ಕೂಗಿತು. ಗುದ್ದು ನಿಂತಿತು. ಗೋಡೆಯಾಚೆ ಕುರ್ಚಿಯೊಂದು ಎಳೆದ ಸದ್ದು, ಒಬ್ಬ ಮನುಷ್ಯ ಭಾರವಾಗಿ ಕೂತ ಸದ್ದು. ಗೋಡೆಯ ಈಚೆ ಅವಳು, ಆಚೆ ಅವನು, ನಡುವೆ ಒಂದು ಅಂಗುಲ ಹಲಗೆ. ಇಬ್ಬರಿಗೂ ಹೋಗಲು ಜಾಗವಿರಲಿಲ್ಲ. ಅವಳು ಅಂಗೈ ಬಿಡಿಸಿದಳು. ಬಿಗಿಯಾಗಿ ಹಿಡಿದಿದ್ದಕ್ಕೆ ಅಂಕಿಗಳು ಚರ್ಮದಲ್ಲಿ ತಿರುವುಮುರುವಾಗಿ ಮೂಡಿದ್ದವು.

ಮರದ ಟೊಳ್ಳಿಗೆ ಆ ಪ್ರಾಣಿ ಯಾಕೆ ಇಳಿಯಿತೆಂದು ಲಾಕಿ ಒಮ್ಮೆ ಕೇಳಿದ್ದ. ಬಿದ್ದಿರಬಹುದು, ಹುಳ ಹಿಡಿಯಲು ಇಳಿದಿರಬಹುದು, ಕೆಲವರು ಅದು ಅಲ್ಲೇ ವಾಸವಿತ್ತು ಅಂತಾರೆ ಎಂದು ಅವಳು ಹೇಳಿದ್ದಳು. "ಆಮೇಲೆ ಯಾಕೆ ಹತ್ತಿ ಬರಲಿಲ್ಲ?" ಎಂದಿದ್ದ.

ಆ ದಿನ ಅತ್ತೆ ಬರಲಿಲ್ಲ. ಕಿರ್ಸ್ಟಿ ಬ್ರೆಡ್ಡಿನ ಹೋಳುಗಳನ್ನು ಹಿತ್ತಿಲಲ್ಲಿ ಕಾಗೆಗಳಿಗೆ ಹಾಕಿದಳು.

ಶುಕ್ರವಾರ ಹನ್ನೆರಡಕ್ಕೆ ದೀಪದ ಕೋಣೆಗೆ ಫೋನು ಮಾಡಿದಳು.

"ನೀಲ್, ಐದನೇ ಓಣಿ ಗೋಡೆ ಮುಗೀತಾ?"

"ಇಲ್ಲ."

ಒಂದೂವರೆಗೆ ಮತ್ತೆ ಮಾಡಿದಳು.

"ಮುಗೀತಾ?"

"ಇಲ್ಲ. ಕೊನೇ ಸಾಲು."

ಎರಡೂ ಕಾಲಿಗೆ ಮತ್ತೆ. ಆ ಕಡೆಯಿಂದ ನೀಲ್ ಕೆಮ್ಮಿದ. ಅವನ ಹಿಂದೆ ದೀಪಗಳ ಕೊಕ್ಕೆ ಕಿಣಿಕಿಣಿ ಅನ್ನುತ್ತಿತ್ತು.

"ಮುಗೀತಾ ನೀಲ್?"

"ಇಲ್ಲ ಅನ್ನೋಕಾಗಲ್ಲಮ್ಮ," ಎಂದ.

ಅವಳು ಕೋಟು ಹಾಕಿಕೊಂಡಳು. ಬಂದರಿನಲ್ಲಿ ಹಡಗು ಇನ್ನೂ ಅಲ್ಲೇ ಇತ್ತು. ಸುತ್ತು ಬಂದು, ಈ ಸಲ ತಟ್ಟದೆ, ಊರಿನವರು ಬರುವ ಹಾಗೆ ಬಾಗಿಲು ನೂಕಿ ಒಳಗೆ ಹೋದಳು.

ರೋರಿ ಮೇಜಿನಲ್ಲಿ ಓಟ್ಸಿನ ರೊಟ್ಟಿ ತಿನ್ನುತ್ತಿದ್ದ. ತಲೆ ಎತ್ತಲಿಲ್ಲ. ಎಫಿ ಒಲೆಯ ಹತ್ತಿರ ಕೈಯಲ್ಲಿ ಒರೆಸುಬಟ್ಟೆ ಹಿಡಿದು ನಿಂತಿದ್ದಳು. ಯಾರೂ ಕೂರು ಅನ್ನಲಿಲ್ಲ.

"ಗೋಡೆ ಆಯ್ತು," ಎಂದಳು ಕಿರ್ಸ್ಟಿ.

"ಕೇಳಿಸ್ತು. ನಿನ್ನ ಫೋನೆಲ್ಲ ಇಲ್ಲಿಗೇ ಕೇಳಿಸ್ತು." ರೋರಿಯ ದನಿ ಒಡೆದಿತ್ತು. "ಅದಕ್ಕೇ ಕಾದಿದ್ದಾ?"

"ಹೌದು."

"ಒಳಗೇನಿತ್ತು ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ. ಯಾರ ಮಗ ಅಂತ."

"ಗೊತ್ತಾಗಲ್ಲ."

"ನಿಂಗೆ ಬೇಕಾಗಿರಲಿಲ್ವಾ?"

ಅವಳು ಜೇಬಿನಲ್ಲಿದ್ದ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದಳು. ಎಫಿ ಒರೆಸುಬಟ್ಟೆಯನ್ನು ಕೆಳಗಿಟ್ಟಳು, ಆದರೆ ಹತ್ತಿರ ಬರಲಿಲ್ಲ.

ರೋರಿ ಕೊನೆಗೆ ಅವಳ ಮುಖ ನೋಡಿದ. ನೋಡಿ, ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯತೊಡಗಿದ. ಹಲ್ಲು ಕಿತ್ತ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ನಿಧಾನವಾಗಿ ಅಗಿಯುತ್ತಿದ್ದ. ಅವನ ಕಣ್ಣಿನ ಪಕ್ಕ, ಕಿವಿಯ ಮುಂದೆ, ಚರ್ಮದ ಕೆಳಗೆ ಮಾಂಸ ಉಬ್ಬಿ ಇಳಿಯಿತು, ಉಬ್ಬಿ ಇಳಿಯಿತು.

ಕಿರ್ಸ್ಟಿ ಜೇಬಿನಿಂದ ಬಿಲ್ಲೆ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟಳು.

"ಲಾಕಿ ನಿನ್ನ ಹತ್ರ ಇಸ್ಕೊಂಡಿದ್ದ," ಎಂದಳು. "ತಗೋ."